ಒಂದು ಬೊಗಸೆ ನೀರಿನ ರುಚಿ

ಸುಜಾತಾ, ಕಟ್ಟದ ಏಳನೇ ಕಿಂಡಿಯ ಹಲಗೆ ಎತ್ತಿದವನು ನಿನ್ನ ಅಪ್ಪ ಅಲ್ಲ. ನಾನು. ಆ ವರ್ಷ ಊರಿನ ಗದ್ದೆಗಳಿಗೆ ಉಪ್ಪುನೀರು ಹೊಕ್ಕದ್ದು ನನ್ನಿಂದ. ಇಷ್ಟು ಹೇಳಲು ಎರಡು ಉಸಿರು ಸಾಕಿತ್ತು — ನನಗೆ ಹದಿನೆಂಟು ವರ್ಷ ಬೇಕಾಯಿತು. ಮತ್ತೆ ಇಷ್ಟೇ ಆಗಿದ್ದರೆ ಒಂದು ಚೀಟಿಯಲ್ಲಿ ಬರೆದು ಕಳುಹಿಸುತ್ತಿದ್ದೆನೋ ಏನೋ. ಇದಕ್ಕಿಂತ ಕೆಟ್ಟದ್ದು ಒಂದಿದೆ. ಅದಕ್ಕೆ ಬರುತ್ತೇನೆ, ನಡುವೆ ಓದುವುದು ಬಿಡಬೇಡ.

ನಿನ್ನ ಗಂಡನೂ ಇದನ್ನು ಓದಲಿ. ಅವನು ಬ್ರಹ್ಮಾವರದವನು, ನಮ್ಮ ಹಳೆಯ ಕಟ್ಟ ಕಂಡವನಲ್ಲ. ನಿನ್ನನ್ನೂ ಆಗ ಆ ಬದಿಗೆ ಬಿಡುತ್ತಿರಲಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಗುಲ್ವಾಡಿಗಿಂತ ಮೇಲೆ, ಹೊಳೆ ತಿರುಗುವಲ್ಲಿ ಹನ್ನೆರಡು ಕಿಂಡಿಗಳ ಅಣೆಕಟ್ಟು. ಈಗ ಕಬ್ಬಿಣದ ಬಾಗಿಲು ಬಂದಿದೆ, ಆಗ ಮರದ ಹಲಗೆ. ಮಳೆ ನಿಂತ ಮೇಲೆ ಪ್ರತಿ ಕಿಂಡಿಗೂ ಎರಡು ಸಾಲು ಹಲಗೆ ಇಳಿಸಿ, ನಡುವೆ ಜೇಡಿಮಣ್ಣು ತುಂಬಿ ತುಳಿಯಬೇಕು. ಮೇಲೆ ಸಿಹಿನೀರು ನಿಲ್ಲುತ್ತದೆ, ಕೆಳಗೆ ಕಡಲಿನ ಭರತದ, ಅಂದರೆ ಉಬ್ಬರದ, ಜೊತೆ ಉಪ್ಪುನೀರು ಬಂದು ಹೋಗುತ್ತದೆ. ನಡುವೆ ಇರುವುದು ಒಂದು ಮೊಳ ಮಣ್ಣು ಮಾತ್ರ. ಅದನ್ನು ಕಾಯುವ ಕೆಲಸ ನಿನ್ನ ಅಪ್ಪ ಶೀನನದ್ದು. ಅದಕ್ಕೆ ಮನೆ ಮನೆಯಿಂದ ಅಕ್ಕಿ, ಮತ್ತೆ ಮಳೆಗೆ ಮೊದಲು ಹಲಗೆ ತೆಗೆಯುವ ದಿನ ಕಿಂಡಿಯಲ್ಲಿ ನುಗ್ಗಿ ಬರುವ ಮೀನು. ಆ ಒಂದು ದಿನದ ಮೀನು ಶೀನನಿಗೆ ಎಂದು ಊರಿನ ಕಟ್ಟಳೆ ಇತ್ತು.

ಶೀನನಿಗೆ ಇನ್ನೊಂದು ಕ್ರಮವಿತ್ತು. ಬೆಳಿಗ್ಗೆ ಪಂಪ್ ಶುರುವಾಗುವ ಮೊದಲು ಕಟ್ಟದ ಮೇಲುಬದಿಗೆ ಇಳಿದು ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಳ್ಳುವುದು. ಸಪ್ಪೆ ಇದ್ದರೆ ಉಗಿದು, ಕೈ ಎತ್ತಿ ತೋರಿಸುವುದು. ಅವನ ಕೈ ಕಂಡ ಮೇಲೆಯೇ ಗದ್ದೆಯವರು ಸ್ವಿಚ್ ಹಾಕುತ್ತಿದ್ದದ್ದು. ಇದಕ್ಕೆ ಯಾವ ಯಂತ್ರವೂ ಇರಲಿಲ್ಲ, ಅವನ ನಾಲಿಗೆಯೇ.

ಇನ್ನು ನಾನು. ನಿನಗೆ ಗೊತ್ತಿರುವ ಗಣಪಯ್ಯ ಭಟ್ಟ ಅಂದರೆ ಕೋಟದಿಂದ ಬೈಂದೂರಿನವರೆಗೆ ಮದುವೆ ಮುಂಜಿಗೆ ಅಡಿಗೆ ಮಾಡುವವ, ದೊಡ್ಡ ಹೊಟ್ಟೆ, ದೊಡ್ಡ ಬಾಯಿ. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲವಲ್ಲ — ನೋಡದೆಯೇ ಉಪ್ಪು ಸರಿ ಹಾಕುವ ಕೈ ಎಂದು ಹೆಸರು. ಆ ಹೆಸರಿನ ಕೆಳಗೆ ಒಂದು ಗುಟ್ಟಿತ್ತು. ನನಗೆ ಗಾಳದ ಹುಚ್ಚು. ಮೀನು ಮುಟ್ಟದ ಮನೆಯಲ್ಲಿ ಹುಟ್ಟಿದವನಿಗೆ, ಮೀನು ತಿನ್ನುವ ಆಸೆ ಒಂದು ದಿನವೂ ಹುಟ್ಟದವನಿಗೆ, ಮೀನು ಹಿಡಿಯುವ ಹುಚ್ಚು! ಕಟ್ಟದ ಮೇಲಿನ ನೀರು ನಿಂತ ನೀರು. ಬಿದಿರು ಮೆಳೆಯ ಹಿಂದೆ ಕೂತು ಗಾಳದ ತಂಗೂಸು ದಾರ ಬಿಟ್ಟರೆ — ಬೆರಳ ತುದಿಗೆ ಒಂದು ಸಣ್ಣ ಎಳೆತ ಬರುತ್ತದೆ ನೋಡು, ಅದಕ್ಕೆ ನಾನು ಊಟ ಬಿಟ್ಟೇನು. ನೂರು ಒಲೆಗಳ ಎದುರು ನಿಂತವನಿಗೆ ಆ ತಂಪು, ಆ ಮೌನ... ಇರಲಿ. ಅದು ಎಷ್ಟು ಚೆನ್ನಾಗಿತ್ತು ಎಂದು ಹೇಳುವುದೂ ಈಗ ನಾಚಿಕೆಯೇ.

ಗಾಳ ಕಟ್ಟಲು ಕಲಿಸಿದವನು ನಿನ್ನ ಅಪ್ಪ. ಹಿಡಿದದ್ದೆಲ್ಲ ನಿಮ್ಮ ಮನೆಗೆ. ಮುಗುಡು, ಇರ್ಪೆ, ಸಿಕ್ಕಿದ್ದು ಯಾವುದಾದರೂ. ನಾನು ಗೋಧಿಹಿಟ್ಟಿಗೆ ಇಂಗು ಕಲಸಿ ಉಂಡೆ ಮಾಡುತ್ತಿದ್ದೆ, ಆ ವಾಸನೆಗೆ ಮುಗುಡು ಸಾಲುಗಟ್ಟಿ ಬರುತ್ತಿತ್ತು. ಭಟ್ಟರ ಸಾರಿಗೆ ಮೀನುಗಳೂ ಪಂಕ್ತಿಯಲ್ಲಿ ಕೂರುತ್ತವೆ ಎಂದು ಶೀನ ನಗುತ್ತಿದ್ದ. ಮನೆಗೆ ಹೋಗುವ ಮೊದಲು ನಾನು ಹುಣಸೆಹುಳಿಯಲ್ಲಿ ಕೈ ತಿಕ್ಕಿ, ಸೀಗೆಯಲ್ಲಿ ತಿಕ್ಕಿ, ಮೂಸಿ ಮೂಸಿ ನೋಡುತ್ತಿದ್ದೆ. ಈ ಕೈ ಮೀನು ಮುಟ್ಟುತ್ತದೆ ಎಂದು ಒಬ್ಬರಿಗೆ ಗೊತ್ತಾದರೂ ಯಾವ ದೇವಸ್ಥಾನ ನನ್ನನ್ನು ಕರೆಯುತ್ತದೆ? ಆ ಭಯವನ್ನು ಒಮ್ಮೆ ಶೀನನಿಗೆ ಹೇಳಿದ್ದೆ. ಅವನು ಗಾಳದ ಮುಳ್ಳು ಬಿಡಿಸುತ್ತಾ, ತಲೆ ಎತ್ತದೆ ಹೇಳಿದ್ದ: "ನಿಮ್ ಗಾಳದ್ ಸುದ್ದಿ ನನ್ ಬಾಯಂಗ್ ಬತ್ತಿಲ್ಲೆ ಭಟ್ರೆ." ನಾನು ಅದನ್ನು ಕೇಳಿ ಹಗುರಾಗಿ ಬೇರೆ ಮಾತು ತೆಗೆದೆ.

ತೊಂಬತ್ತೆಂಟೋ ತೊಂಬತ್ತೊಂಬತ್ತೋ — ನೀನು ಮೂರನೇ ಕ್ಲಾಸು. ಶಿವರಾತ್ರಿಗೆ ನಿಮ್ಮನ್ನು ಕರೆದುಕೊಂಡು ಬೈಂದೂರಿಗೆ, ನಿನ್ನ ಅಜ್ಜಿಮನೆಗೆ, ಹೋಗಬೇಕೆಂದು ಶೀನ ನನ್ನ ಹತ್ತಿರ ಬಂದ. ಎರಡು ದಿನ ಕಟ್ಟ ನೋಡಿಕೊಳ್ಳುತ್ತೀರಾ ಎಂದು ಕೇಳಿದ. ಹೇಗೂ ಗಾಳಕ್ಕೆ ಬರುವವರು, ಯಾರಿಗೂ ಗೊತ್ತಾಗುವುದು ಬೇಡ ಎಂದ. "ಬೆಳಿಗ್ಗೆ ಒಂದ್ ಬೊಗ್ಸಿ ಬಾಯಿಗ್ ಹಾಯ್ಕಂಡ್ ಕಾಣಿ. ಉಪ್ಪ್ ಇದ್ರೆ ಬೊಬ್ಬೆ ಹಾಕಿ. ನಿಮ್ ನಾಲ್ಗಿಕಿಂತ ದೊಡ್ಡ್ ಮೀಟ್ರ್ ಯಾವ್ದ್ ಇತ್ತ್?" ನಾನು ಉಬ್ಬಿಹೋದೆ, ಹೊಗಳಿದರೆ ಕರಗುವ ಜಾತಿ ನಾನು. ಹಿಂದಿನ ದಿನ ಹಿಡಿದ ಆರು ಮುಗುಡುಗಳನ್ನು ಮಡಕೆಯಲ್ಲಿ ಹಾಕಿ ಅವನಿಗೆ ಕೊಟ್ಟೆ. ಮುಗುಡು ಸುಲಭಕ್ಕೆ ಸಾಯುವುದಿಲ್ಲ, ಶಿವರಾತ್ರಿ ಕಳೆದ ಮೇಲೆ ಅತ್ತೆಮನೆಯಲ್ಲಿ ಸಾರು ಮಾಡಿಸು ಎಂದೆ. ಆ ಮಡಕೆಯನ್ನು ಬಸ್ಸಿನಲ್ಲಿ ನಿನ್ನ ಕಾಲ ಬಳಿ ಇಟ್ಟುಕೊಂಡು ಹೋದೆಯಲ್ಲ — ನೆನಪಿರಬೇಕು ನಿನಗೆ. ಮರೆಯಲು ನಿನ್ನನ್ನು ಯಾರು ಬಿಟ್ಟರು?

ಶಿವರಾತ್ರಿ ನನಗೆ ವರ್ಷದ ದೊಡ್ಡ ರಜೆ. ಊರಿಗೆ ಊರೇ ಉಪವಾಸ, ಅಡಿಗೆಯವನನ್ನು ಕೇಳುವವರಿಲ್ಲ. ಮಧ್ಯಾಹ್ನ ಎಲ್ಲರೂ ದೇವಸ್ಥಾನದಲ್ಲಿ. ನಾನು ಕಟ್ಟದಲ್ಲಿ. ಹಲಗೆ ಇಳಿಸುವ ಮೊದಲೇ ಮೇಲೆ ಬಂದು ಅಲ್ಲೇ ಸಿಕ್ಕಿಹಾಕಿಕೊಂಡ ಒಂದು ದೊಡ್ಡ ಕುರುಡಿ ಮೀನು ಆ ನೀರಿನಲ್ಲಿತ್ತು. ತಿಂಗಳಿನಿಂದ ನನ್ನನ್ನು ಆಟ ಆಡಿಸುತ್ತಿತ್ತು. ಕುರುಡಿ ಹಿಟ್ಟಿನ ಉಂಡೆಗೆ ಬಗ್ಗುವುದಿಲ್ಲ, ಅದಕ್ಕೆ ಜೀವ ಇರುವ ಚಟ್ಲಿ, ಅಂದರೆ ಸಿಗಡಿ, ಬೇಕು. ಉಪವಾಸದ ದಿನ, ಕೊರಳಲ್ಲಿ ಜನಿವಾರ, ಚಟ್ಲಿಯ ಬೆನ್ನಿಗೆ ಮುಳ್ಳು ಚುಚ್ಚಿದೆ.

ನಾಲ್ಕು ಗಂಟೆಯ ಹೊತ್ತಿಗೆ ಕುರುಡಿ ಕಚ್ಚಿತು. ಸೀದಾ ಕಟ್ಟದ ಕಡೆಗೆ ಓಡಿ, ಏಳನೇ ಕಿಂಡಿಯ ಹಲಗೆಗಳ ಸಂದಿಗೆ ತಂಗೂಸನ್ನು ಸಿಕ್ಕಿಸಿಕೊಂಡಿತು. ಎಳೆದರೆ ಬರುವುದಿಲ್ಲ, ಬಿಟ್ಟರೆ ದಾರ ತುಂಡಾಗುತ್ತದೆ. ಅದು ಅಲ್ಲೇ ಒದ್ದಾಡುವುದು ಕಾಣುತ್ತಿತ್ತು, ಬಿಳಿ ಹೊಟ್ಟೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಆಗ ತುಂಡು ಮಾಡಿ ಬಿಟ್ಟಿದ್ದರೆ — ಮಾಡಲಿಲ್ಲ. ಒಳಸಾಲಿನ ಮೇಲಿನ ಎರಡು ಹಲಗೆ ಎತ್ತಿದೆ. ಎರಡೇ ನಿಮಿಷ ಅಂದುಕೊಂಡೆ. ಮೀನು ಕೈಗೆ ಬಂತು. ಅಷ್ಟರಲ್ಲಿ ನಡುವಿನ ಜೇಡಿ, ಪಾಕ ಕೆಟ್ಟ ಹಲ್ವದ ಹಾಗೆ, ಜಾರಿ ಹೊರಸಾಲಿನ ಸಂದಿಯಲ್ಲಿ ಕೆಳಗೆ ಹರಿಯತೊಡಗಿತು. ಇಳಿತದ ಹೊತ್ತು, ಕೆಳಗೆ ನೀರಿಲ್ಲ, ಮೇಲಿನ ನೀರು ಭೋರೆಂದು ನುಗ್ಗಿತು. ಹಲಗೆಗಳನ್ನು ಹೇಗೋ ಮತ್ತೆ ಇಳಿಸಿದೆ, ಒಂದು ಓರೆಯಾಗಿ ಕೂತಿತು. ಸಂದಿಗೆ ಹುಲ್ಲು ತುರುಕಿದೆ. ದೇವಸ್ಥಾನದಿಂದ ಹೆಂಗಸರು ಮಾತಾಡುತ್ತಾ ಬರುವುದು ಕೇಳಿಸಿತು. ನಾನು ಮೀನನ್ನು ಪಂಚೆಯಲ್ಲಿ ಸುತ್ತಿಕೊಂಡು ತೋಟದ ದಾರಿ ಹಿಡಿದೆ.

ಆ ಮೀನನ್ನು ಏನು ಮಾಡಿದೆ ಗೊತ್ತೇ? ಕೊಡಲು ಶೀನ ಊರಲ್ಲಿಲ್ಲ. ಬೇರೆಯವರಿಗೆ ಕೊಡುವ ಹಾಗಿಲ್ಲ. ಒಂದು ತೆಂಗಿನ ಬುಡದಲ್ಲಿ ಹೂತುಬಿಟ್ಟೆ. ತೋಳುದ್ದದ ಮೀನು, ಯಾರ ಹೊಟ್ಟೆಗೂ ಹೋಗಲಿಲ್ಲ.

ಇಲ್ಲಿಯವರೆಗಿನದ್ದನ್ನು ತಪ್ಪು ಎನ್ನಬಹುದು. ಹುಚ್ಚು ಎನ್ನಬಹುದು. ಇನ್ನು ಹೇಳುವುದಕ್ಕೆ ನನಗೆ ಶಬ್ದ ಸಿಕ್ಕಿಲ್ಲ, ನೀನೇ ಹುಡುಕಿಕೋ.

ಮರುದಿನ ದೇವಸ್ಥಾನದಲ್ಲಿ ಪಾರಣೆಯ ಊಟ, ಅಡಿಗೆ ನನ್ನದೇ. ಬೆಳಕು ಹರಿಯುತ್ತಿದ್ದಂತೆ ಹೊರಟವನು ಕಟ್ಟದ ದಾರಿಯಲ್ಲೇ ಹೋದೆ. ಹಲಗೆ ಹಾಗೆಯೇ ಓರೆಯಾಗಿತ್ತು, ತುರುಕಿದ ಹುಲ್ಲು ಇರಲಿಲ್ಲ. ಅಮಾವಾಸ್ಯೆಯ ಭರತ ಬಂದು ಹೋಗಿತ್ತು. ನಾನು ಇಳಿದು ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡೆ.

ಉಪ್ಪು.

ಸ್ವಲ್ಪವಲ್ಲ, ಸುಜಾತಾ. ಅನುಮಾನಕ್ಕೆ ಜಾಗವೇ ಇರಲಿಲ್ಲ. ಈ ನಾಲಿಗೆಗೆ ತಪ್ಪುವುದುಂಟೇ? ಆಚೆ ದಡದಲ್ಲಿ ಮಾಬ್ಲ ಶೆಟ್ರು ಪಂಪಿನ ಮನೆಯ ಬಾಗಿಲು ತೆಗೆಯುತ್ತಿದ್ದರು — ಊರಿನ ಹಿರಿಯ ಕೃಷಿಕರು, ಅವರು ಶುರು ಮಾಡಿದರೆ ಉಳಿದವರೂ ಶುರು ಮಾಡುವರು. ಹಬ್ಬದ ಮರುದಿನ, ಶೀನ ಊರಲ್ಲಿಲ್ಲ, ಆದರೂ ಶೀನ ಕಟ್ಟ ಯಾರಿಗಾದರೂ ವಹಿಸಿಯೇ ಹೋಗಿರುತ್ತಾನೆ ಎಂಬ ನಂಬಿಕೆ. ನನ್ನನ್ನು ಕಂಡು, ಪಾರಣೆಗೆ ಎಂತ ಪಾಯಸ ಎಂದು ಅಲ್ಲಿಂದಲೇ ಕೂಗಿ ಕೇಳಿದರು. ಬೊಬ್ಬೆ ಹಾಕಿದ್ದರೆ ಅವರಿಗೆ ಕೇಳಿಸುತ್ತಿತ್ತು. ನೀರು ಬಿಡಬೇಡಿ — ಎರಡೇ ಶಬ್ದ. ಆದರೆ ಅದರ ಹಿಂದೆಯೇ ಪ್ರಶ್ನೆ ಬರುತ್ತಿತ್ತು. ಭಟ್ರೆ, ನೀವು ಕಟ್ಟದ ನೀರು ಯಾಕೆ ಕುಡಿದಿರಿ? ಹಲಗೆ ಯಾರು ಎತ್ತಿದ್ದು? ನೀವು ಅಲ್ಲಿ ಎಂತ ಮಾಡುತ್ತಿದ್ದಿರಿ?

ನಾನು ಬಾಯಲ್ಲಿದ್ದ ನೀರನ್ನು ಉಗಿಯಲಿಲ್ಲ. ಉಗಿದರೆ ಅವರು ನೋಡುತ್ತಾರೆ ಎಂದು ನುಂಗಿಬಿಟ್ಟೆ. ಕಡಲೆಬೇಳೆ ಪಾಯಸ ಎಂದು ಕೂಗಿ ಹೇಳಿ ದೇವಸ್ಥಾನದ ಕಡೆ ನಡೆದೆ. ಹಿಂದೆ ಪಂಪ್ ಶುರುವಾಗುವ ಸದ್ದು ಕೇಳಿತು. ಆಮೇಲೆ ಒಂದೊಂದಾಗಿ ಉಳಿದ ಪಂಪುಗಳೂ ಶುರುವಾದವು.

ಆ ಹೊತ್ತು ಬೇಸಿಗೆ ಬೆಳೆಯ ಕೊಳ್ಕೆ ಭತ್ತ ಎಳೆಯದಾಗಿತ್ತು, ನೆಲಗಡಲೆ ಹೂ ಬಿಟ್ಟಿತ್ತು. ನಾಲ್ಕು ದಿನಕ್ಕೆ ಎಲೆಯ ಅಂಚು ಸುಟ್ಟ ಹಾಗೆ ಕೆಂಪಾಯಿತು. ಹತ್ತು ದಿನಕ್ಕೆ ಗದ್ದೆಯಲ್ಲಿ ಏನೂ ಉಳಿಯಲಿಲ್ಲ. ಎರಡು ಬಾವಿಗಳ ನೀರೂ ಕೆಟ್ಟಿತು.

ನಿನ್ನ ಅಪ್ಪ ಬೈಂದೂರಿನಿಂದ ಬಂದವನು ಮನೆಗೂ ಹೋಗದೆ ಕಟ್ಟಕ್ಕೆ ಬಂದ. ನಾನೂ ಜನರ ನಡುವೆ ನಿಂತಿದ್ದೆ. ಏಳನೇ ಕಿಂಡಿಯ ಕಲ್ಲಿನ ಮೇಲೆ, ಬಾಳೆ ಎಲೆಯ ಚೂರಿನಲ್ಲಿ, ನಾನು ಮುಗುಡಿಗೆಂದು ತಂದು ಮರೆತು ಬಂದ ಹಿಟ್ಟಿನ ಉಂಡೆ ಇತ್ತು. ಶೀನ ಬಗ್ಗಿ ಅದನ್ನು ಎತ್ತಿದ. ಇಂಗಿನ ವಾಸನೆ ಅವನ ಮೂಗಿಗೆ ಹೋಗದೆ ಇರುತ್ತದೆಯೇ? ನನ್ನ ಕಡೆ ನೋಡಲಿಲ್ಲ. ಏನೋ ಕಸ ಎನ್ನುವ ಹಾಗೆ ಹೊಳೆಗೆ ಎಸೆದು, ಕೈ ತೊಳೆದುಕೊಂಡ.

ದೇವಸ್ಥಾನದ ಜಗಲಿಯಲ್ಲಿ ಊರು ಸೇರಿತು. ಶೀನ ಹೊರಡುವ ಮೊದಲು ಹಲಗೆ ಎತ್ತಿ ಮೀನು ಹಿಡಿದಿದ್ದಾನೆ, ಮಣ್ಣು ಸರಿ ತುಳಿಯದೆ ಬಸ್ಸು ಹತ್ತಿದ್ದಾನೆ ಎಂದು ಮಾತು. ಬಸ್ಸಿನಲ್ಲಿ ಅವನ ಹತ್ತಿರ ಮೀನಿನ ಮಡಕೆ ಕಂಡವರಿದ್ದರು. ಶೆಟ್ರು ನಿನ್ನನ್ನು ಹತ್ತಿರ ಕರೆದು, ಮೆತ್ತಗೆ, ಮಡಕೆಯಲ್ಲಿ ಎಂತ ಇತ್ತು ಮಗಾ ಎಂದು ಕೇಳಿದರು. ನೀನು ಮುಗುಡು ಎಂದೆ. ಎಷ್ಟು ಎಂದರು. ಆರು ಎಂದೆ. ಒಳ್ಳೆಯ ಮಗುವಿನ ಹಾಗೆ ನಿಜ ಹೇಳಿದೆ. ಆ ಆರೂ ನನ್ನ ಮುಗುಡು, ಸುಜಾತಾ. ಅಲ್ಲಿ ಅದು ಗೊತ್ತಿದ್ದವರು ಇಬ್ಬರೇ.

ಶೆಟ್ರು ಕೇಳಿದರು: "ಕಟ್ಟ ಯಾರ್ ಕೈಯಂಗ್ ಬಿಟ್ಟ್ ಹೋದ್ದ್ ಶೀನ?"

"ಯಾರಿಗೂ ಹೇಳ್ಲಿಲ್ಲೆ. ತಪ್ಪ್ ನಂದೇ."

ನಾನು ಕಂಬಕ್ಕೆ ಒರಗಿ ಕೂತಿದ್ದೆ. ಆಗಲಾದರೂ ಎದ್ದು ನಿಲ್ಲಬಹುದಿತ್ತು. ಶೆಟ್ರು ನನ್ನ ಕಡೆ ತಿರುಗಿ, ಭಟ್ಟರ ಮನೆ ಕಟ್ಟದ ಹತ್ತಿರವೇ ಅಲ್ಲವೇ, ಏನಾದರೂ ಕಂಡಿರಾ ಎಂದರು. ಇಲ್ಲ ಎಂದಿದ್ದರೆ ಅದು ಬರೀ ಸುಳ್ಳಾಗುತ್ತಿತ್ತು. ನಾನು ತಮಾಷೆ ಮಾಡಿದೆ. "ಎಂತ ಶೆಟ್ರೆ, ಮೀನಿನ್ ತಲೆ ಯಾವ್ದ್ ಬಾಲ ಯಾವ್ದ್ ಅಂದೇ ನಂಗ್ ಗೊತ್ತಿಲ್ಲೆ." ಜಗಲಿ ಪೂರ್ತಿ ನಕ್ಕಿತು. ನಿನ್ನ ಅಪ್ಪ ಕೂಡ ನಕ್ಕ ಹಾಗೆ ತುಟಿ ಅಲ್ಲಾಡಿಸಿದ — ನನ್ನ ಮಾತು ನಿಜವೆಂದು ಜನ ನಂಬಲಿ ಎಂದು. ಆ ನಗುವಿನಲ್ಲಿ ವಿಚಾರಣೆ ಮುಗಿಯಿತು.

ಕಟ್ಟದ ಕೆಲಸ ಬೇರೆಯವರಿಗೆ ಹೋಯಿತು. ಹೊಳೆಯ ಮೀನು ಬಿಟ್ಟು ಬೇರೆ ತಿಳಿಯದ ಮನುಷ್ಯ ಗಂಗೊಳ್ಳಿಯಲ್ಲಿ ಕಡಲ ಬೋಟು ಹತ್ತಿದ, ವಾಂತಿ ಮಾಡಿಕೊಂಡು ಮಾಡಿಕೊಂಡು ಕಲಿತ. ಊರು ಅವನಿಗೆ ಉಪ್ಪು ಶೀನ ಎಂದು ಹೆಸರಿಟ್ಟಿತು. ನೀನು ಶಾಲೆಯಲ್ಲಿ ಉಪ್ಪು ಶೀನನ ಮಗಳಾದೆ. ನನ್ನ ಅಡಿಗೆಮನೆಗೂ ಆ ಹೆಸರು ಬಂತು. ಸಾಂಬಾರಿಗೆ ಉಪ್ಪು ಹೆಚ್ಚಾದರೆ, ಇಲ್ಲಿಗೂ ಶೀನ ಬಂದನೋ ಎನ್ನುವುದು ನನ್ನ ಜೊತೆಯ ಅಡಿಗೆಯವರ ವಾಡಿಕೆ. ಮೊದಮೊದಲು ನಾನು ಕೇಳದ ಹಾಗೆ ಇರುತ್ತಿದ್ದೆ. ಆಮೇಲೆ ನಕ್ಕೆ. ಒಂದು ದಿನ, ಯಾವುದೋ ಮದುವೆಯಲ್ಲಿ, ನಾನೇ ಆ ಮಾತು ಆಡಿದೆ. ಬಾಯಿ ತನ್ನಷ್ಟಕ್ಕೆ ಆಡಿತು. ಆ ದಿನ ಮಾಡಿದ ಅಡಿಗೆಯನ್ನು ನಾನು ಉಣ್ಣಲಿಲ್ಲ. ಆದರೆ ಉಣ್ಣದೆ ಇದ್ದದ್ದರಿಂದ ನಿನ್ನ ಅಪ್ಪನಿಗೆ ಏನು ಬಂತು?

ನಾನು ಗಾಳ ಬಿಟ್ಟೆ. ನಿಮ್ಮ ಮನೆಗೆ ಬರುವುದು ಬಿಡಲಿಲ್ಲ. ಹೋಳಿಗೆ, ಲಾಡು, ಮಿಕ್ಕಿದ್ದು ಏನಾದರೂ ತರುತ್ತಿದ್ದೆ. ಶೀನ ಒಮ್ಮೆಯೂ ಆ ವಿಷಯ ಎತ್ತಲಿಲ್ಲ. ಅವನು ಎತ್ತದೆ ಇದ್ದದ್ದನ್ನು ನಾನು ಕ್ಷಮೆ ಎಂದು ಲೆಕ್ಕ ಹಾಕಿಕೊಂಡೆ, ನನಗೆ ಬೇಕಾದ ಹಾಗೆ.

ಮತ್ತೆ ನಿನ್ನ ಮದುವೆ. ಭಟ್ಟರದ್ದೇ ಅಡಿಗೆ ಆಗಬೇಕು ಎಂದು ನೀನೇ ಹಟ ಹಿಡಿದೆಯಂತೆ. ಧಾರೆ ಮುಗಿದು, ರೇಷ್ಮೆ ಸೀರೆಯಲ್ಲಿ ನೀನು ಅಡಿಗೆಮನೆಯ ಬಾಗಿಲಿಗೆ ಬಂದೆ. ನಾನು ಪಾಯಸದ ಕೊಪ್ಪರಿಗೆ ಕೈಯಾಡಿಸುತ್ತಿದ್ದೆ. ನೀನು ಹೇಳಿದ ಮಾತು ನಿನಗೆ ಮರೆತಿರಬಹುದು. "ಅಪ್ಪಯ್ಯ ಹಾಂಗ್ ಮಾಡಿರೂ ನೀವೊಬ್ರ್ ನಮ್ಮನಿ ಬದಿಗ್ ಬಪ್ಪುದ್ ಬಿಡ್ಲಿಲ್ಲೆ ಭಟ್ರೆ." ಹೇಳಿ ಬಗ್ಗಿ ನನ್ನ ಕಾಲು ಮುಟ್ಟಿದೆ.

ಅಪ್ಪಯ್ಯ ಹಾಗೆ ಮಾಡಿದರೂ! ಊರು ನಂಬಿದ್ದು ನನಗೆ ಗೊತ್ತಿತ್ತು. ನೀನೂ ನಂಬಿದ್ದೀ ಎಂದು ಆ ಕ್ಷಣದವರೆಗೆ ನಾನು ಯೋಚಿಸಿಯೇ ಇರಲಿಲ್ಲ. ಮಡಕೆ ಕಂಡವಳು ನೀನು, ಎಣಿಸಿ ಹೇಳಿದವಳು ನೀನು, ನಂಬದೆ ಏನು ಮಾಡುತ್ತಿ? ಸೌಟು ಕೆಳಗಿಟ್ಟು ನಿಜ ಹೇಳಬೇಕಿತ್ತು. ನಾನು ಹೇಳಿದ್ದು: ಆಯ್ತು ಮಗಾ, ಹೋಗು, ಪಂಕ್ತಿ ಕೂತಿದೆ. ಮದುವೆಯ ದಿನ ಬೇಡ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮದುವೆಯ ಮರುದಿನವೂ ಹೇಳಲಿಲ್ಲ. ಮೂರು ವರ್ಷ ಹೇಳಲಿಲ್ಲ.

ಹೋದ ಭಾನುವಾರ ನಿನ್ನ ಅಪ್ಪನ ಹತ್ತಿರ ಹೋದೆ. ಈಗ ಅವನು ಬೋಟು ಬಿಟ್ಟಿದ್ದಾನೆ, ಜಗಲಿಯಲ್ಲಿ ಕೂತು ಬಲೆ ನೇಯುತ್ತಿದ್ದ. ಹಲಗೆ ಎತ್ತಿದ್ದು ನಾನು ಎಂದೆ. ಅದೆಂತ ಹೊಸ ಸುದ್ದಿ ಎನ್ನುವ ಹಾಗೆ ನಕ್ಕ, ಗೊತ್ತುಂಟು, ಬಿಡಿ, ಮೀನಿನ ಹುಚ್ಚು ಹಿಡಿಸಿದವನು ನಾನೇ ಅಲ್ಲವೇ ಎಂದ. ಒಳಗೆ ಕಾಫಿಗೆ ಹೇಳಿದ. ಅಲ್ಲಿಗೇ ನಿಲ್ಲಿಸಿ ಕಾಫಿ ಕುಡಿದು ಬರಬಹುದಿತ್ತು. ಎಲ್ಲ ಮುಗಿಯಿತು ಎಂದು ನಿದ್ದೆ ಮಾಡಬಹುದಿತ್ತು. ನಾನು ಆ ಬೆಳಿಗ್ಗೆಯದ್ದನ್ನೂ ಹೇಳಿದೆ.

ಬಲೆಯ ಮೇಲೆ ಅವನ ಕೈ ನಿಂತಿತು. ನನ್ನನ್ನು ನೋಡಿದ.

"ನೀರ್ ಬಾಯಿಗ್ ಹಾಯ್ಕಂಡಿದ್ರಿಯಾ?"

ಹೌದು ಎಂದೆ.

"ಉಪ್ಪ್ ಅಂದ್ ಗೊತ್ತಾಯ್ತಾ?"

ಗೊತ್ತಾಯಿತು ಎಂದೆ. ಪಂಪ್ ಶುರುವಾಗುವ ಮೊದಲೇ ಗೊತ್ತಾಯಿತು ಎಂದೆ.

ನಾನು ಭಯದಲ್ಲಿ ಓಡಿದೆ, ಬೆಳಿಗ್ಗೆ ಕಟ್ಟದ ಬದಿಗೆ ಬರಲೇ ಇಲ್ಲ ಎಂದು ಇಷ್ಟು ವರ್ಷ ಅವನು ತಿಳಿದಿದ್ದ. ಆ ಮನುಷ್ಯನಿಗಾಗಿ ಅವನು ಬಾಯಿ ಕಟ್ಟಿಕೊಂಡಿದ್ದ. ನಾನು ಆ ಮನುಷ್ಯ ಆಗಿರಲಿಲ್ಲ.

ಈ ತಿಂಗಳ ಕೊನೆಗೆ ಕಟ್ಟದ ಬಾಗಿಲು ಹಾಕುವ ದಿನ, ಗದ್ದೆಯವರೆಲ್ಲ ಸೇರುತ್ತಾರೆ, ಅಲ್ಲಿ ಎಲ್ಲರೆದುರು ನಿಂತು ಹೇಳುತ್ತೇನೆ ಎಂದು ನಾನೇ ಮಾತು ಮುಂದುವರಿಸಿದೆ. ಹೇಳುತ್ತೇನೆ, ಸುಜಾತಾ. ಆಮೇಲೆ ನನ್ನ ಕೈ ಅಡಿಗೆ ಯಾರು ಉಣ್ಣುತ್ತಾರೆ, ಬಿಡುತ್ತಾರೆ, ಅದು ಅವರಿಗೆ ಬಿಟ್ಟದ್ದು. ಆದರೆ ನಿನ್ನ ಅಪ್ಪನಿಗೆ ಊರಿನ ಮಾತು ಬೇಕಿರಲಿಲ್ಲ. ಅವನು ಎದ್ದು ಬಲೆಯನ್ನು ಸುತ್ತಿ ಮೊಳೆಗೆ ಸಿಕ್ಕಿಸಿದ.

"ಊರಿಗ್ ಆಮೇಲ್ ಹೇಳಿ," ಎಂದ. "ನನ್ ಮಗ್ಳಿಗ್ ಮೊದ್ಲ್ ಹೇಳಿ."

ಇಷ್ಟು ವರ್ಷಗಳಲ್ಲಿ ಅವನು ನನ್ನ ಹತ್ತಿರ ಕೇಳಿದ್ದು ಇದೊಂದೇ. ಕೇಳಿ ಒಳಗೆ ಹೋದ, ಮತ್ತೆ ಹೊರಗೆ ಬರಲಿಲ್ಲ. ಕಾಫಿಯೂ ಬರಲಿಲ್ಲ. ನಾನು ಮನೆಗೆ ಬಂದು ಕಾಗದ ಹುಡುಕಿದೆ.